ನೆರಿಗೆಯೊಳಗಿನ ಹೊಲಿಗೆ

ನನ್ನ ಬೀರುವಿನ ಬಾಗಿಲು ಈಗೀಗ ಮುಚ್ಚುವುದಿಲ್ಲ. ಮೊನ್ನೆ ಮೊಣಕಾಲು ಕೊಟ್ಟು ಒತ್ತುವಾಗ ಮೇಲಿನ ಹಲಗೆಯ ಸೀರೆಗಳೆಲ್ಲ ತಲೆಯ ಮೇಲೆ ಬಿದ್ದವು. ಉಟ್ಟವು ಕೆಲವು, ಮಡಿಕೆಯನ್ನೇ ಬಿಚ್ಚದವು ಹಲವು. ಜೊತೆಗೆ ಲಾವಂಚ ಕಟ್ಟಿದ ಒಂದು ಹಸಿರು ರೇಷ್ಮೆಯ ಗಂಟೂ ಬಿತ್ತು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನಗಬೇಡಿ, ಈ ವಯಸ್ಸಿನಲ್ಲೂ ನನಗೆ ಹೊಟ್ಟೆಕಿಚ್ಚಾಯಿತು.

ಆ ಬಟ್ಟೆ ನನ್ನ ಅತ್ತಿಗೆಯದು. ಆಗ ಬ್ರಿಟಿಷರ ಕಾಲ, ಯುದ್ಧ ನಡೆಯುತ್ತಿತ್ತು, ಬಟ್ಟೆಗೆ ಕಂಟ್ರೋಲು. ನಮ್ಮ ಹತ್ತಿರದ ಪೇಟೆ ಶನಿವಾರಸಂತೆಯ ಅಂಗಡಿಗಳಲ್ಲಿ ಸೀರೆಗಿಂತ ಸೀರೆಯ ಮಾತೇ ಹೆಚ್ಚು ಸಿಗುತ್ತಿತ್ತು. ನಾನು ಮದುವೆಗೆ ಬೆಳೆದ ಹುಡುಗಿ, ಅಪ್ಪನನ್ನು ಕಾಡಿ ಬೇಡಿ ಮೊದಲೇ ಪೆಟ್ಟಿಗೆ ತುಂಬಿಸಿಕೊಂಡಿದ್ದೆ. ಅಣ್ಣನ ಹೆಂಡತಿಗೆ ಇದ್ದದ್ದು ನಿತ್ಯಕ್ಕೆ ಎರಡು, ಹೊರಗೆ ಹೋಗಲು ಈ ಹಸಿರು ರೇಷ್ಮೆ. ಆದರೂ ಜನ ನೋಡುತ್ತಿದ್ದದ್ದು ಅವಳನ್ನೇ. ನಾನು ಹೊಸದುಟ್ಟರೂ ಮೂಟೆ ಕಟ್ಟಿದ ಹಾಗೆ ಕಾಣುತ್ತಿದ್ದೆ.

ಅವಳ ಕೈಯಲ್ಲಿ ಬಟ್ಟೆಗೆ ಸಾವೇ ಇರಲಿಲ್ಲ. ನೆರಿಗೆಯ ಕಡೆ ಸೀರೆ ಸವೆದರೆ ಅಷ್ಟನ್ನು ಕತ್ತರಿಸಿ ತೆಗೆದು, ಉಳಿದೆರಡು ತುಂಡು ಸೇರಿಸಿ ಹೊಲಿಯುತ್ತಿದ್ದಳು. ಅದೂ ಹೋದರೆ ರವಿಕೆ, ಆಮೇಲೆ ಮಸಿಬಟ್ಟೆ, ಕೊನೆಗೆ ದೀಪದ ಬತ್ತಿ.

"ನಿಮ್ಮತ್ಗೇನ ನೋಡಿ ಕಲ್ತ್ಕ," ಎಂದು ಅವ್ವ ದಿನಕ್ಕೊಮ್ಮೆ ಹೇಳುವಳು. ಕಲಿಯುವ ಮಾತು ಹಾಗಿರಲಿ, ನೋಡುವುದೇ ನನಗೆ ಕಷ್ಟವಾಗಿತ್ತು.

ಪಕ್ಕದ ಎಸ್ಟೇಟಿನ ಕೊಡವರ ಮನೆಯಲ್ಲಿ ನನ್ನ ಗೆಳತಿಯ ಮದುವೆ ಬಂತು. ಪೆಟ್ಟಿಗೆ ತುಂಬ ಸೀರೆಯಿದ್ದರೂ ಹಸಿರು ರೇಷ್ಮೆಯನ್ನೇ ಕೇಳಿದೆ. ಉಡುವ ಆಸೆ ಅರ್ಧ, ಅವಳನ್ನು ಅದಿಲ್ಲದೆ ನೋಡುವ ಆಸೆ ಇನ್ನರ್ಧ. ಅವಳು ಕೂಡಲೇ ತೆಗೆದುಕೊಟ್ಟಳು.

"ಉಟ್ಕ. ಆದ್ರೆ ನೆರ್ಗೆ ಮುಂದಕ್ಕೇ ಇರ್ಲಿ ಕಣವ್ವ, ಅವ್ರಂಗೆ ಹಿಂದುಕ್ಕೆ ಸಿಗಿಸ್ಬ್ಯಾಡ."

ಕೊಡವ ಹೆಂಗಸರು ನೆರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸುತ್ತಾರೆ. ಆ ಕಟ್ಟಿನಲ್ಲಿ ನಾನು ಚೆಂದ ಕಾಣುವೆನೆಂದು ಇವಳಿಗೂ ಹೊಟ್ಟೆಕಿಚ್ಚು ಎಂದುಕೊಂಡೆ. ಬಹಳ ಸಂತೋಷವಾಯಿತು. ಅವಳು ತಲೆನೋವೆಂದು ಮನೆಯಲ್ಲೇ ಉಳಿದದ್ದು ಅದಕ್ಕಿಂತ ಸಂತೋಷ.

ಮದುವೆಮನೆ ತಲುಪಿದವಳೇ ಗೆಳತಿಯರ ಕೈಯಲ್ಲಿ ಬಿಚ್ಚಿಸಿ, ನೆರಿಗೆ ಹಿಂದಕ್ಕೆ ಹಾಕಿ ಉಡಿಸಿಕೊಂಡೆ. ಅಂಗಳಕ್ಕಿಳಿದರೆ ಎಲ್ಲರ ಕಣ್ಣೂ ನನ್ನ ಮೇಲೆ. ಮದುಮಗಳ ಅಜ್ಜಿ ಹತ್ತಿರ ಬಂದು ನನ್ನ ಹೊಟ್ಟೆಯ ಮೇಲೆ ಬೆರಳಿಟ್ಟರು.

"ಇದು ಯಾರ ಹೊಲಿಗೆ, ಮೂಡಿ?" ಕೊಡವರ ಮಾತಿನಲ್ಲಿ ಹುಡುಗಿಗೆ ಮೂಡಿ ಎನ್ನುತ್ತಾರೆ.

ಬಗ್ಗಿ ನೋಡಿದೆ. ನಮ್ಮ ಕಟ್ಟಿನಲ್ಲಿ ನೆರಿಗೆಯ ಮಡಿಕೆಯೊಳಗೆ ಅಡಗಿರುತ್ತಿದ್ದ ಅತ್ತಿಗೆಯ ಜೋಡಣೆ ಮುಂದಕ್ಕೆ ಬಂದು, ನನ್ನ ನಟ್ಟನಡುವೆ ಮೇಲಿಂದ ಕೆಳಗೆ ನಿಂತಿತ್ತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಜ್ಜಿ ನಗಲಿಲ್ಲ. ಉಳಿದವರನ್ನೂ ಕರೆದರು. ಒಬ್ಬೊಬ್ಬರೇ ಬಂದು ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿದರು.

"ನಮ್ಮತ್ತಿಗೇದು," ಎಂದೆ.

"ಎಂಥ ಕೈ ಅವಳದು. ಎಲ್ಲಿ ಅವಳು? ಯಾಕೆ ಬರಲಿಲ್ಲ?"

ತಲೆನೋವು ಎನ್ನಲು ಬಾಯಿ ತೆರೆದೆ, ಆಗ ಹೊಳೆಯಿತು. ಅವಳಿಗೆ ಮದುವೆಮನೆಗೆ ಉಟ್ಟು ಬರಲು ಇದ್ದ ಒಂದೇ ಸೀರೆ ನನ್ನ ಮೈಮೇಲಿತ್ತು.

ಮನೆಗೆ ಬಂದಾಗ ಅತ್ತಿಗೆ ನನ್ನ ಮುಖ ನೋಡಿ, "ಹಿಂದುಕ್ಕೇ ಉಟ್ಟಿದ್ದಾ?" ಎಂದು ಕೇಳಿ ನಕ್ಕಳು. ಬೈದಿದ್ದರೆ ನಾನೂ ಒಂದಿಷ್ಟು ಗೆದ್ದಂತಾಗುತ್ತಿತ್ತು. ಅದನ್ನೂ ಅವಳು ಬಿಟ್ಟುಕೊಡಲಿಲ್ಲ.

ಆ ಸೀರೆ ಮುಂದೆ ಅವಳ ಮಗಳ ಲಂಗವಾಯಿತು. ಕೊನೆಗುಳಿದ, ಆ ಜೋಡಣೆಯಿದ್ದ ತುಂಡಿನಲ್ಲಿ ಲಾವಂಚ ಕಟ್ಟಿ ನನ್ನ ಪೆಟ್ಟಿಗೆಯಲ್ಲಿಟ್ಟವಳೂ ಅವಳೇ. ಅವಳು ತೀರಿಕೊಂಡಾಗ ಹಂಚಿಕೊಳ್ಳಲು ಒಂದು ಸೀರೆಯೂ ಮಿಕ್ಕಿರಲಿಲ್ಲ. ಎಲ್ಲವನ್ನೂ ಪೂರ್ತಿ ಉಟ್ಟು ಮುಗಿಸಿದ್ದಳು.

ಮೊನ್ನೆ ಬೀರುವನ್ನು ತೆರೆದೇ ಬಿಟ್ಟು ನೆಲದ ಮೇಲೆ ಕುಳಿತೆ. ನೆರಿಗೆ ಸವೆದು ಮೂಲೆ ಸೇರಿದ್ದ ನನ್ನದೊಂದು ಹಳೆಯ ಸೀರೆ ತೆಗೆದು, ಕತ್ತರಿಸಿ, ಸೇರಿಸಿ ಹೊಲಿದೆ. ಹಸಿರು ಗಂಟು ಬಿಚ್ಚಿ ಅವಳ ಹೊಲಿಗೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ಅವಳದು ಕಂಡೂ ಕಾಣದ ಹಾಗಿತ್ತು, ನನ್ನದು ಅಂಕುಡೊಂಕು. ಹೊಟ್ಟೆ ಉರಿಯಿತು. ಬಿಚ್ಚಿ ಮತ್ತೆ ಹೊಲಿದೆ.