ನಾಯಿಯ ಎಡಗಿವಿ: ಪರ ಮತ್ತು ವಿರೋಧ

ಕಾಲೇಜಿನ ಚರ್ಚಾಕೂಟದಲ್ಲಿ ನಾನು ಸೋತದ್ದು ಕಡಿಮೆ. ಮನೆಯಲ್ಲಿ ಒಮ್ಮೆ ಗೆದ್ದೆ. ಆ ಗೆಲುವಿನಿಂದ ನನ್ನ ನಾಯಿಯೇ ಕೈತಪ್ಪಿ ಹೋಗುವುದರಲ್ಲಿತ್ತು.

ಅವು ಯುದ್ಧದ ವರ್ಷಗಳು. ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದವನು ಸುಗ್ಗಿಯ ಹೊತ್ತಿಗೆ ಹೊಸಕೋಟೆ ಪಕ್ಕದ ನಮ್ಮ ಹಳ್ಳಿಗೆ ರಜೆಗೆ ಬಂದಿದ್ದೆ. ಆ ನಾಯಿಯನ್ನು ಮರಿಯಿಂದ ಸಾಕಿದವನು ನಾನು. ಕಣ ಕಾಯುವುದು ಅದರ ಕೆಲಸ. ಆ ವರ್ಷ ಅದಕ್ಕೆ ಏನೋ ಆಗಿತ್ತು. ಪಕ್ಕದ ಮನೆಯ ಎಮ್ಮೆ ಮೂಡಲಿಂದ ಬಂದು ರಾಗಿ ಮೆದೆಗೆ ಬಾಯಿ ಹಾಕಿದರೆ, ಇದು ಪಡುವಲಿಗೆ ಓಡಿ ಬೊಗಳುತ್ತಿತ್ತು. ಎಮ್ಮೆ ನೆಮ್ಮದಿಯಾಗಿ ಮೇಯುತ್ತಿತ್ತು.

"ಯಾರದೋ ಕಣ್ಣು ಬಿದ್ದದೆ. ಮೆಣಸಿನಕಾಯಿ ನಿವಾಳಿಸಿದ್ರೆ ಸರಿಹೋಗ್ತದೆ" ಎಂದಳು ಅವ್ವ.

ನನ್ನನ್ನು ಎಬ್ಬಿಸಲು ಅಷ್ಟು ಸಾಕಿತ್ತು. ನಾಯಿಯ ಬಲಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿ ಚಿಟಿಕೆ ಹೊಡೆದೆ, ಅಲುಗಲಿಲ್ಲ. ಎಡಗಿವಿ ಮುಚ್ಚಿ ಹೊಡೆದೆ, ಬೆಚ್ಚಿತು. ಎಡಗಿವಿ ಕಿವುಡು. ಇಲ್ಲಿಗೆ ನಿಲ್ಲಿಸಿದ್ದರೆ ಜಾಣ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ನಿಲ್ಲಿಸುವುದನ್ನು ಚರ್ಚಾಕೂಟದಲ್ಲಿ ನಮಗೆ ಯಾರೂ ಕಲಿಸಿರಲಿಲ್ಲ.

ಜಗುಲಿಯ ಮೇಲೆ ನಿಂತು ಭಾಷಣ ಶುರುಮಾಡಿದೆ. ಎರಡು ಕಿವಿಯ ಸದ್ದೂ ಮೆದುಳಿನ ಬುಡಕ್ಕೆ ಬರುತ್ತದೆ. ಯಾವ ಕಿವಿಗೆ ಮೊದಲು ಮುಟ್ಟಿತು, ಯಾವುದಕ್ಕೆ ಜೋರಾಗಿ ಮುಟ್ಟಿತು ಎಂದು ತೂಗಿ ದಿಕ್ಕು ಹೇಳುವ ಸಣ್ಣ ಗಂಟು ಅಲ್ಲಿದೆ. ಕೆಟ್ಟಿರುವುದು ಆ ಗಂಟೇ ಎಂದೆ. ಆ ಗಂಟನ್ನು ನಾನು ಕಂಡಿದ್ದು ಸೀಸೆಯಲ್ಲಿ ಅದ್ದಿಟ್ಟ ನಾಯಿಮೆದುಳಿನಲ್ಲಿ. ಕಂಡಿದ್ದೆ ಎನ್ನುವುದೂ ದೊಡ್ಡ ಮಾತು. ಮೇಷ್ಟ್ರು ಸೂಜಿಮೊನೆಯಿಂದ ತೋರಿಸಿದಾಗ ಕಂಡವನಂತೆ ತಲೆಯಾಡಿಸಿದ್ದೆ.

"ಹಂಗಾದ್ರೆ ಏನ್ ಮಾಡಿದ್ರೂ ವಾಸಿಯಾಗಲ್ಲ ಅಂತೀಯ?" ಎಂದು ಕೇಳಿದ ಅಪ್ಪ.

"ಆಗಲ್ಲ. ಯಾವ ದೇವರು ಬಂದ್ರೂ ಆಗಲ್ಲ."

ಅವ್ವ ಎದ್ದು ಒಳಗೆ ಹೋದಳು. ಗೆದ್ದೆ ಎಂದುಕೊಂಡೆ.

"ಸರಿ ಬಿಡು" ಎಂದ ಅಪ್ಪ. "ನಾಳೆ ಗಾಡಿ ಅನುಗೊಂಡನಹಳ್ಳಿಗೆ ಹೋಗ್ತದೆ. ಯಾರ ತೋಟಕ್ಕಾದ್ರೂ ಬಿಟ್ಟು ಬರ್ತೀನಿ. ಕಣಕ್ಕೆ ಬೇರೆ ಮರಿ ತರಾಣ."

ಬೆಳಿಗ್ಗೆ ಎದ್ದು ನೋಡಿದರೆ ಎತ್ತು ಹೂಡಿಯಾಗಿತ್ತು, ನಾಯಿಯ ಕೊರಳಿಗೆ ಹಗ್ಗ ಬಿದ್ದಿತ್ತು. ನಾನು ನೊಗಕ್ಕೆ ಅಡ್ಡ ನಿಂತೆ.

"ಅಪ್ಪ, ತಡಿ. ನೆನ್ನೆ ಹೇಳಿದ್ದು ತಪ್ಪು."

"ಯಾಕ್ಲಾ, ರಾತ್ರಿಗೇ ಪಕ್ಷ ಬದಲಾಯಿಸ್ದ್ಯಾ?"

ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಗೀಚಿದೆ. "ಇದು ಎಡಗಿವಿ. ಇದರ ಸದ್ದು ಮೆದುಳಿನ ಬುಡಕ್ಕೆ ಹೋಗ್ತಿದ್ದಂಗೆ ಕವಲೊಡೀತದೆ. ಸ್ವಲ್ಪ ಎಡಕ್ಕೇ ಉಳೀತದೆ, ಹೆಚ್ಚಿನದು ಬಲಕ್ಕೆ ದಾಟ್ತದೆ. ಅಂದ್ಮೇಲೆ ಕವಲಿನ ಆಚೆ ಒಂದು ಗಂಟು ಕೆಟ್ಟರೂ ಇನ್ನೊಂದು ದಾರಿ ಇದ್ದೇ ಇರ್ತದೆ. ಒಂದು ಕಿವಿ ಮಾತ್ರ ಪೂರ್ತಿ ಕಿವುಡಾಗಬೇಕಾದ್ರೆ, ಕೆಟ್ಟಿರೋದು ಕವಲಿಗೆ ಮುಂಚೆ."

"ಮುಂಚೆ ಅಂದ್ರೆ ಎಲ್ಲಿ?"

"ಹೆಚ್ಚಾಗಿ ಕಿವೀಲೇ."

"ಕಿವಿ ನೋಡಿದ್ಯಾ?"

ಚರ್ಚಾಕೂಟದಲ್ಲಿ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ. ತಲೆಬುರುಡೆಯೊಳಗಿನ ದಾರಿಯನ್ನೆಲ್ಲ ಸುತ್ತಿ ಬಂದಿದ್ದ ನಾನು ಹೊರಬಾಗಿಲನ್ನೇ ಇಣುಕಿರಲಿಲ್ಲ.

ಅಪ್ಪ ನಾಯಿಯ ಮೂತಿ ಹಿಡಿದ. ನಾನು ಎಡಗಿವಿ ಅಗಲಿಸಿದೆ. ಒಳಗೆ ಕಲ್ಲಾಗಿದ್ದ ಗುಗ್ಗೆ, ಅದರ ನಡುವೆ ಹುಲ್ಲಿನ ಮುಳ್ಳು. ಅವ್ವ ಬೆಚ್ಚಗೆ ಮಾಡಿದ ಎಣ್ಣೆ ದಿನಾ ಬಿಟ್ಟು ಬಿಟ್ಟು ಕೊನೆಗೆ ಎಲ್ಲ ಸಡಿಲಿ ಈಚೆ ಬಂತು. ಮುಂದಿನ ಸಲ ಎಮ್ಮೆ ಮೂಡಲಿಂದ ಬಂದಾಗ ನಾಯಿಯೂ ಮೂಡಲಿಗೇ ಓಡಿತು. ಗಾಡಿಯ ಮಾತು ಮತ್ತೆ ಬರಲಿಲ್ಲ.

ನಾಯಿ ಎಮ್ಮೆ ಓಡಿಸಿದ ಆ ದಿನ ಅವ್ವ ರಾಗಿ ಕೇರುತ್ತ ತಣ್ಣಗೆ ಹೇಳಿದಳು: "ಎಣ್ಣೆ ಬಿಡೋಕೆ ಮುಂಚೆ ಮೆಣಸಿನಕಾಯೀನೂ ನಿವಾಳಿಸಿದ್ದೆ ಕಣಪ್ಪ."

ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಹಂಗಲ್ಲವ್ವ, ಮೊದಲನೇದಾಗಿ..." ಎಂದೆ. ಮಲಗಿದ್ದ ನಾಯಿ ಎಡಗಿವಿ ನಿಮಿರಿಸಿ ನನ್ನ ಕಡೆ ನೋಡಿತು. ಎದ್ದು ಮೆದೆಯ ಆಚೆ ಮಗ್ಗುಲಿಗೆ ಹೋಗಿ ಮಲಗಿತು.

"ಕಿವಿ ಪೂರ್ತಿ ವಾಸಿಯಾಗ್ಯದೆ" ಎಂದ ಅಪ್ಪ.