ಹಂಪಾಪುರದ ಗೋಧಿಗೆ ನಾನು ತಪ್ಪಿಸಿದ ಹದ

ಶೈಲಾ, ನಿನ್ನ ಗೋಧಿ ಜೊಳ್ಳಾದದ್ದು ನನ್ನಿಂದ. ಬಿಸಿಲಿನಿಂದಲ್ಲ, ಬೀಜದಿಂದಲ್ಲ, ಹೊಲ ಕೊಟ್ಟ ಪುಟ್ಟಸ್ವಾಮಣ್ಣನಿಂದಂತೂ ಅಲ್ಲವೇ ಅಲ್ಲ. ನಿಮ್ಮಿಬ್ಬರಿಗೂ ನಾನು ಒಂದೊಂದು ಸುಳ್ಳು ಹೇಳಿದೆ — ಅಷ್ಟೇ ಸಾಕಾಯಿತು.

ನಾವಿಬ್ಬರೂ ಕೃಷಿ ಸ್ನಾತಕೋತ್ತರ ವಿದ್ಯಾರ್ಥಿನಿಯರಾಗಿದ್ದ ಕಾಲ. ನನ್ನ ಪ್ರಯೋಗ ಭೇರ್ಯದ ನೀರಾವರಿ ತಾಕಿನಲ್ಲಿ, ನಿನ್ನದು ಹಂಪಾಪುರದಲ್ಲಿ, ಮಳೆಯನ್ನೇ ನೆಚ್ಚಿದ ಖುಷ್ಕಿ ಎರೆಹೊಲದಲ್ಲಿ. ರಾಗಿ, ಹತ್ತಿ ಬೆಳೆಯುವ ಆ ನೆಲದಲ್ಲಿ ಗೋಧಿ! ಬೆಳವಣಿಗೆ ನಿಯಂತ್ರಕದ ದ್ರಾವಣದಲ್ಲಿ ಬೀಜ ನೆನೆಸಿ, ನೆರಳಿನಲ್ಲಿ ಒಣಗಿಸಿ, ಹಿಂಗಾರಿನ ತೇವ ಆರುವ ಮೊದಲೇ ಬಿತ್ತಿದರೆ ಗಿಡ ಗಿಡ್ಡವಾಗಿ ನಿಂತು, ಬೇರು ಆಳಕ್ಕಿಳಿದು, ಬೇಸಿಗೆಯ ಝಳಕ್ಕೆ ಮುಂಚೆ ಕಾಳು ಕಟ್ಟೀತು — ಇದು ನಿನ್ನ ತರ್ಕ. ತರ್ಕ ಸರಿಯಿತ್ತು. ನನಗೆ ಸಹಿಸಲಾಗದ್ದು ಅದೇ. ಮಾರ್ಗದರ್ಶಕರು ನನ್ನ ಬರಹವನ್ನು ತಿದ್ದುತ್ತಿದ್ದರು; ನಿನ್ನೊಡನೆ ಚರ್ಚಿಸುತ್ತಿದ್ದರು. ಪುಟ್ಟಸ್ವಾಮಣ್ಣನ ಮನೆಯವರಿಗೆ ನೀನು 'ಶೈಲವ್ವ'. ನಾನು 'ಆ ಇನ್ನೊಂದ್ ಮಗು'.

ಅಕ್ಕನ ನಿಶ್ಚಿತಾರ್ಥಕ್ಕೆಂದು ನೀನು ಮಿರ್ಲೆಗೆ ಹೋದೆ. ಅಲ್ಲಿ ಮನೆಯೊಳಗೆ ಫೋನು ಸಿಗುವುದಿಲ್ಲವೆಂದು ನೀನು ಪುಟ್ಟಸ್ವಾಮಣ್ಣನಿಗೆ ನನ್ನ ನಂಬರು ಕೊಟ್ಟೆ. ಹೊಲ ಹದಕ್ಕೆ ಬಂತೆಂದು ಅವರು ತಿಳಿಸಿದ ಕೂಡಲೇ ಬಿತ್ತನೆ ಮಾಡಿಸು ಎಂದು ನನಗೆ ಹೇಳಿದೆ. ನನ್ನನ್ನು ನಂಬಿದೆ — ನಿನ್ನ ಆ ನಿರಾಳ ನಂಬಿಕೆಯ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು.

ಅವರ ಕರೆ ಬಂತು.

"ಒಲ ಒಳ್ಳೆ ಅದಕ್ಕೆ ಬಂದದೆ ಕಣವ್ವ. ಕೂರಿಗೆ ಕಟ್ಬುಡ್ಲಾ? ಬಿಸ್ಲು ನಿನ್ ಸ್ನೇಯಿತೆ ಬರೋಗಂಟ ಕಾಯಾಕಿಲ್ಲ."

"ಕಟ್ಬೇಡಿ. ತಾನು ಬರೋವರೆಗೂ ಬಿತ್ತಬಾರದು ಅಂದಿದ್ದಾಳೆ."

ಸಂಜೆ ನೀನು ಫೋನು ಮಾಡಿದಾಗ, ಹೊಲ ಇನ್ನೂ ಕೆಸರಾಗಿದೆಯಂತೆ ಎಂದೆ ನಾನು. ನೀನು ಸಮಾಧಾನದಿಂದ ನಕ್ಕೆ.

ನೀನು ಹಿಂತಿರುಗುವ ಹೊತ್ತಿಗೆ ಎರೆ ಬಿರುಕುಬಿಟ್ಟಿತ್ತು. ಮತ್ತೊಂದು ಮಳೆಗೆ ಕಾದು ಬಿತ್ತಿದೆ; ಕಾಳು ಹಾಲುಗಟ್ಟುವಾಗಲೇ ಸೆಕೆ ಬಡಿಯಿತು. ಬೆಳೆ ತೋರಿಸಲು ರೈತರನ್ನು ಸೇರಿಸಿದ ಕ್ಷೇತ್ರೋತ್ಸವದ ದಿನ ಪುಟ್ಟಸ್ವಾಮಣ್ಣ ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ ಊದಿದರು. ಎಲ್ಲವೂ ಹಾರಿಹೋಯಿತು.

"ನೆಂಟ್ರ ಮನೇಲಿ ಓಳಿಗೆ ಉಂಡ್ಕಂಡ್ ಬಂದು ಬಿತ್ತುದ್ರೆ ಗೋಧಿ ಕಾಯ್ತದಾ, ಮೇಡಮ್ಮೋರೆ?"

ಜನ ನಕ್ಕರು. ಹೊಲ ಹದಕ್ಕೆ ಬಂದದ್ದನ್ನು ಹೊತ್ತಿಗೆ ತಿಳಿಸದೆ ತಡಮಾಡಿದವರು ಅವರೇ ಎಂದು ನೀನು ತಿಳಿದಿದ್ದೆ. ಆದರೂ ಹೊಲ ಕೊಟ್ಟವರನ್ನು ಆಗಲೂ ಪ್ರಶ್ನಿಸಿರಲಿಲ್ಲ; ಈಗ ಜನರೆದುರು ಎದುರಾಡಬಾರದೆಂದು ತಲೆ ತಗ್ಗಿಸಿದೆ. ನಾನು ನಿನ್ನ ಪಕ್ಕದಲ್ಲೇ ಇದ್ದೆ. ಒಂದು ಮಾತು — ಒಂದೇ ಒಂದು ಮಾತು ಆಡಿದ್ದರೆ…

ಈ ವಿಧಾನ ಇಲ್ಲಿಗೆ ಒಗ್ಗದೆಂದು ವರದಿಯಾಯಿತು. ನೀನು ಸಂಶೋಧನೆ ಬಿಟ್ಟು ಪಿರಿಯಾಪಟ್ಟಣದಲ್ಲಿ ಶಾಲಾ ಶಿಕ್ಷಕಿಯಾದೆ. ನಾನು — ಪತ್ರಿಕೆಗಳಲ್ಲಿ ಹೊಣೆಗಾರಿಕೆಯ ಬಗ್ಗೆ ಬರೆಯುವವಳಾದೆ! ಕಳೆದ ತಿಂಗಳು ಹುಣಸೂರಿನ ರೈತರ ಸಭೆಯಲ್ಲಿ ಗುಡುಗಿದೆ: "ಈ ಸಲ ಬಿತ್ತನೆ ತಡವಾದದ್ದಕ್ಕೆ ಯಾರು ಹೊಣೆ? ಅಧಿಕಾರಿಗಳು ಹೆಸರು ಹೇಳಲಿ!" ಕೊನೆಯ ಸಾಲಿನಲ್ಲಿ ನೀನಿದ್ದೆ. ಮನಸಾರೆ ಚಪ್ಪಾಳೆ ತಟ್ಟುತ್ತಿದ್ದೆ. ಆ ಕ್ಷಣದಲ್ಲೂ ನಾಚಿಕೆಗಿಂತ ಮೊದಲು ಮೇಲೆದ್ದದ್ದು ಮತ್ಸರವೇ — ಇಷ್ಟು ಕಳೆದುಕೊಂಡೂ ಇವಳು ಹೇಗೆ ಇಷ್ಟು ಹಗುರಾಗಿದ್ದಾಳೆ?

ಮರುದಿನ ಹಂಪಾಪುರಕ್ಕೆ ಹೋಗಿ ಪುಟ್ಟಸ್ವಾಮಣ್ಣನಿಗೆ ಎಲ್ಲವನ್ನೂ ಹೇಳಿದೆ.

"ನನ್ ಬಾಯಲ್ಲಿ ಆ ಮಗೀಗೆ ಬೈಸ್ಬುಟ್ಟಲ್ಲವ್ವ ನೀನು. ಅವಳ್ಗೆ ಯೋಳಿದ್ದೀಯಾ?"

"ಇಲ್ಲ."

"ಮತ್ತೆ ಇಲ್ಲಿಗ್ಯಾಕ್ ಬಂದೆ?"

ಆದ್ದರಿಂದ ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನೀನು ತಲೆ ತಗ್ಗಿಸಿದ್ದೂ ಎಲ್ಲರ ಮುಂದೆಯೇ ತಾನೆ. ನಿನ್ನ ವಿಧಾನ ಸೋಲಲಿಲ್ಲ, ಪರೀಕ್ಷೆಗೇ ಒಳಗಾಗಲಿಲ್ಲ. ಮಾರ್ಗದರ್ಶಕರಿಗೂ ಇದನ್ನು ಹೇಳಿದ್ದೇನೆ. ವರದಿಯ ಆ ತೀರ್ಮಾನವನ್ನು ಕಾರಣಸಹಿತ, ನನ್ನ ಹೆಸರಿನ ಸಹಿತ ಹಿಂಪಡೆಯಬೇಕೆಂಬುದು ನನ್ನ ಆಗ್ರಹ. ಕ್ಷಮೆಯನ್ನು ನಿನ್ನಿಂದ ಕೇಳಲಾರೆ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ.

ಈ ಹಿಂಗಾರಿಗೆ ಅದೇ ಹೊಲವನ್ನು ನಿನಗೆ ಬಿಟ್ಟುಕೊಡಲು ಪುಟ್ಟಸ್ವಾಮಣ್ಣ ಸಿದ್ಧರಿದ್ದಾರೆ. ಹೋಗುವುದು ಬಿಡುವುದು ನಿನ್ನ ಇಚ್ಛೆ. ನಾನು ಆ ಕಡೆ ಸುಳಿಯುವುದಿಲ್ಲ. ಗೋಧಿ ತುಂಬಿ ಬಂದರೆ ನನ್ನ ಹೊಟ್ಟೆ ಉರಿಯುತ್ತದೆ, ಗೊತ್ತು.

ಉರಿಯಲಿ.