ಹೊಲಿಗೆ ಮಾಗುವವರೆಗೂ ಮೀನಾಕ್ಷಿ

ಬೆಳಕು ಹರಿಯುವ ಮೊದಲೇ ಮೀನಾಕ್ಷಿ ಬೀದಿಗಿಳಿಯುತ್ತಾರೆ. ಮಾದಿಹಳ್ಳಿಯ ಅವರ ಕಾಲೊನಿಯಲ್ಲಿ ಇನ್ನೂ ಒಲೆ ಹೊತ್ತಿಲ್ಲ. "ಎದ್ದೇಟ್ಗೆ ರಾತ್ರಿ ಮುದ್ದೆ ನಾಯಿಗ್ ಹಾಕ್ಬಿಡ್ತಾರೆ. ಹೊಟ್ಟೆ ತುಂಬಿದ್ರೆ ಡಾಕ್ಟ್ರು ಮುಟ್ಟಲ್ಲ," ಎನ್ನುತ್ತಾ ಒಂದು ಜಗಲಿಯ ಪಕ್ಕ ಬಾಗಿ, ಬಿಳಿ ಹೆಣ್ಣುನಾಯಿಯ ಕೊರಳಿಗೆ ಹಳೆಯ ಸೀರೆಯ ಅಂಚು ಸುತ್ತುತ್ತಾರೆ. ನಾಯಿ ಗುರುಗುಟ್ಟುತ್ತದೆ. ಅವರು ಕೈ ಹಿಂದೆಗೆಯುವುದಿಲ್ಲ, ಅವಸರವನ್ನೂ ಮಾಡುವುದಿಲ್ಲ. ಪಕ್ಕದಲ್ಲೇ ಕೂತು ಬೆನ್ನು ಸವರುತ್ತಾರೆ. ಸ್ವಲ್ಪ ಹೊತ್ತಿಗೆ ನಾಯಿ ತಾನೇ ಎದ್ದು ಅವರ ಹಿಂದೆ ಗೂಡ್ಸ್ ಆಟೋದ ಕಡೆ ನಡೆಯುತ್ತದೆ.

ಆಟೋ ಹೋಗುವುದು ಬೇಲೂರಿಗೆ. ನಾಯಿ, ಬೆಕ್ಕುಗಳಿಗೆ ಉಚಿತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವ ಶಿಬಿರ ಅಲ್ಲಿ ಎರಡು ತಿಂಗಳಿಗೊಮ್ಮೆ ನಡೆಯುತ್ತದೆ. ಉಚಿತವೇನೋ ಸರಿ, ಕೂಲಿ ಬಿಟ್ಟು, ಬಸ್ಸಿಗೆ ಹತ್ತಿಸಿಕೊಳ್ಳದ ನಾಯಿಯನ್ನು ಅಷ್ಟು ದೂರ ಒಯ್ಯುವವರು ಯಾರು? ಆ ಕೆಲಸ ಮೀನಾಕ್ಷಿಯವರದು. ಒಂದು ಸಲಕ್ಕೆ ಆರೇಳು ನಾಯಿ. ಉಳಿದ ದಿನ ಅವರು ಹಾಲಿನ ಡೇರಿಯಲ್ಲಿ ಕ್ಯಾನು ತೊಳೆಯುತ್ತಾರೆ.

ಇದೆಲ್ಲ ಶುರುವಾದದ್ದು ಅವರ ಸೌದೆಗೂಡಿನಲ್ಲಿ ಮರಿ ಹಾಕಿದ ಒಂದು ಬೀದಿನಾಯಿಯಿಂದ. ಕಣ್ಣು ಬಿಟ್ಟ ಮರಿಗಳು ಹಳೇಬೀಡು ರಸ್ತೆಗೆ ಹೋಗಿ ಒಂದೊಂದಾಗಿ ಬಸ್ಸು, ಲಾರಿಗೆ ಸಿಕ್ಕವು. ತಾಯಿ ಬೀದಿಯೆಲ್ಲ ಹುಡುಕಿತು. "ಆರು ತಿಂಗ್ಳಿಗೆ ಮತ್ತೆ ಬಸುರಿ. ಬರೀ ಮೂಳೆ ಚಕ್ಳ ಕಣ್ರೀ. ದನಕ್ಕೆ ಸೂಜಿ ಹಾಕಾಕ್ ಬಂದಿದ್ದ ಡಾಕ್ಟ್ರಮ್ಮನ್ನ ಕೇಳ್ದೆ, ನಮ್ಮ ಹೆಂಗಸ್ರಿಗೆ ಮಾಡ್ದಂಗೆ ಇದ್ಕೂ ಆಪ್ರೇಸನ್ ಐತಾ ಅಂತ." ಉಂಟು, ಬೇಲೂರಿನ ನಮ್ಮ ಶಿಬಿರಕ್ಕೆ ತನ್ನಿ ಎಂದವರು ಪಶುವೈದ್ಯೆ ಹೇಮಾಶ್ರೀ.

ಎಲ್ಲರೂ ಒಪ್ಪಲಿಲ್ಲ. ಅದೇ ಬೀದಿಯ ರುಕ್ಮಿಣಮ್ಮನವರ ಮಗ ತಾಯಿಗೆ ಹೇಳದೆ ಮನೆಯ ನಾಯಿ ಕೆಂಪಿಯನ್ನು ಶಿಬಿರಕ್ಕೆ ಕಳಿಸಿಕೊಟ್ಟಿದ್ದ. ಆಟೋ ವಾಪಸು ಬಂದಾಗ ರುಕ್ಮಿಣಮ್ಮ ಬೀದಿ ನಡುವೆ ನಿಂತು ಕೂಗಿದರು: "ನಿನ್ ಹೊಟ್ಟೇಲಿ ಹುಟ್ಲಿಲ್ಲ ಅಂತ ಹೆಣ್ಣುಜೀವನೆಲ್ಲಾ ಬಂಜೆ ಮಾಡ್ತೀಯೇನೇ?"

ಮೀನಾಕ್ಷಿಯವರಿಗೆ ಮಕ್ಕಳಿಲ್ಲ. ಅವರು ಕೆಂಪಿಯನ್ನು ಇಳಿಸಿ ಮನೆಗೆ ಹೋದರು. "ಅವತ್ತು ಊಟ ಸೇರ್ಲಿಲ್ಲ. ಸಾಕು, ಇನ್ ಈ ಕೆಲ್ಸ ಬ್ಯಾಡ ಅನ್ನುಸ್ತು."

ಎರಡು ದಿನ ಕಳೆದಿರಲಿಲ್ಲ, ಕೆಂಪಿ ಹೊಲಿಗೆ ನೆಕ್ಕಿ ಬಿಚ್ಚಿಕೊಂಡ ಸುದ್ದಿ ಬಂತು. ನೆಕ್ಕದಂತೆ ಕೊರಳಿಗೆ ಹಾಕಿದ್ದ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿಯನ್ನು ಮನೆಯವರೇ ತೆಗೆದಿದ್ದರು. ಮೀನಾಕ್ಷಿ ಕರೆಯದೆಯೇ ಹೋದರು. ಹೇಮಾಶ್ರೀಗೆ ಫೋನ್ ಮಾಡಿ ಕರೆಸಿ, ಮತ್ತೆ ಹೊಲಿಗೆ ಹಾಕಿಸಿದರು. ಅಂದಿನಿಂದ ಡೇರಿ ಕೆಲಸ ಮುಗಿದೊಡನೆ ಆ ಅಂಗಳಕ್ಕೆ ಬಂದು, ನಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ರುಕ್ಮಿಣಮ್ಮ ಬಾಗಿಲಿಗೂ ಬರುತ್ತಿರಲಿಲ್ಲ. ಗಾಯ ಮಾಗತೊಡಗಿದ ಒಂದು ಮಧ್ಯಾಹ್ನ ಒಳಗಿನಿಂದ ದನಿ ಕೇಳಿತು: "ಬಿಸ್ಲಲ್ಲಿ ಯಾಕ್ ಕುಂತಿದ್ದೀಯ, ಒಳೀಕ್ ಬಾ. ಅದ್ನೂ ಕರ್ಕಂಡ್ ಬಾ."

ಈಗ ಶಿಬಿರದ ಹಿಂದಿನ ದಿನ ಮನೆಮನೆಗೆ ಹೋಗಿ ಹೇಳಿಬರುವವರು ರುಕ್ಮಿಣಮ್ಮನೇ. "ಆಡಿದ್ ಮಾತು ವಾಪಸ್ ತಗಳಾಕಾಗಲ್ಲ. ಇಷ್ಟಾದ್ರೂ ಮಾಡ್ತೀನಿ," ಎನ್ನುತ್ತಾರೆ. ಕೆಂಪಿ ಮೈ ತುಂಬಿಕೊಂಡು ಅವರ ಹೊಸಿಲಲ್ಲಿ ಮಲಗಿದೆ.

ಬೆದೆಯ ಕಾಲದಲ್ಲಿ ಶಾಲೆಯ ದಾರಿಯಲ್ಲಿ ಗುಂಪುಗಟ್ಟಿ ಕಚ್ಚಾಡುತ್ತಿದ್ದ ನಾಯಿಗಳು ಈಗ ಕಡಿಮೆ. ಶಿಬಿರಕ್ಕೆ ಹೋದ ಪ್ರತಿ ನಾಯಿಗೂ ರೇಬಿಸ್ ಲಸಿಕೆ ಬೀಳುತ್ತದೆ. "ಗರ್ಭಕೋಶದಲ್ಲಿ ಕೀವು, ಮೊಲೆಯಲ್ಲಿ ಗಂಟು ಅಂತ ಸಾಯೋ ಸ್ಥಿತಿಗೆ ಬರ್ತಿದ್ದ ನಾಯಿಗಳು ಈ ಬೀದಿಯಿಂದ ಈಗ ಅಪರೂಪ," ಎನ್ನುತ್ತಾರೆ ಹೇಮಾಶ್ರೀ. "ಆಪರೇಷನ್ ನಮ್ಮದು, ಸರಿ. ಆಮೇಲಿನ ಹತ್ತು ದಿನ ಮೀನಾಕ್ಷಿಯವರದು."

ನಿಮಗೇನು ಬೇಕು ಎಂದು ಕೇಳಿದರೆ ಮೀನಾಕ್ಷಿ ಹೇಳುವುದಿಷ್ಟು: "ಹೊಟ್ಟೆ ಕೊಯ್ಸ್ಕಂಡಿರೋ ಜೀವ, ಆಟೋದಲ್ಲಿ ಎತ್ತಾಕುಸ್ಕಂಡ್ ಬರೋದು ನೋಡಾಕಾಗಲ್ಲ ಕಣ್ರೀ. ಕ್ಯಾಂಪು ನಮ್ಮೂರಿಗೇ ಬರ್ಲಿ. ಸಮುದಾಯ ಭವನದಾಗೆ ಒಂದ್ ರೂಮ್ ಬಿಟ್ಕೊಟ್ರೆ ಸಾಕು. ನೆಲ ನಾನೇ ತೊಳೀತೀನಿ."